ಪಡಸಾಲೆಯಲ್ಲೇ ಆಫೀಸು: ಯಾವ ಮನೆಗೆ ಯಾವ ವ್ಯವಸ್ಥೆ?

ಬೆಳಿಗ್ಗೆ ಹನ್ನೊಂದು ಗಂಟೆ. ಅಕ್ಕನ ಮಗಳು ಹಾಲ್‌ನಲ್ಲಿ ಕೂತು ಬೆಂಗಳೂರಿನ ಮ್ಯಾನೇಜರ್ ಜೊತೆ ವಿಡಿಯೋ ಕಾಲ್‌ನಲ್ಲಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳ ಆಯಿತು. "ಬರ್ರಿ ಬರ್ರಿ, ಒಳಗ ಬರ್ರಿ, ಕೂಡ್ರಿ" ಅಂತ ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. ಬಂದವರು ಓಣಿಯ ಹಿರಿಯರು. ಮಗನ ಮದುವೆಯ ಕಾರ್ಡು ಕೊಡಲು ಬಂದಿದ್ದರು. ಹುಡುಗಿ ಮೈಕ್ ಬಂದ್ ಮಾಡಿ, ಎದ್ದು ನಮಸ್ಕಾರ ಮಾಡಿ, ಲ್ಯಾಪ್‌ಟಾಪ್ ಎತ್ತಿಕೊಂಡು ಮಲಗುವ ಕೋಣೆಗೆ ಹೋದಳು. ಅಲ್ಲಿ ವೈಫೈ ಸಿಗುವುದಿಲ್ಲ. ಕಾಲ್ ಕಟ್ಟಾಯಿತು.

ಇದು ಹುಬ್ಬಳ್ಳಿಯ ನವನಗರದಲ್ಲಿರುವ ಎರಡು ಬೆಡ್‌ರೂಮಿನ ಮನೆ. ಧಾರವಾಡದ ಮಾಳಮಡ್ಡಿಯ ಹಳೇ ಮನೆಯೊಂದರಲ್ಲಿ ತೆರಿಗೆ ಲೆಕ್ಕ ನೋಡುವ ಕಾಕಾ ಒಬ್ಬರಿದ್ದಾರೆ, ಅವರಿಗೂ ಇದೇ ತೊಂದರೆ. ಗದಗಿನಲ್ಲಿ ಬಾಡಿಗೆ ಮನೆಯಲ್ಲಿರುವ ನನ್ನ ತಮ್ಮನಿಗೂ ಇದೇ. ಮೂವರೂ ಕೇಳಿದ್ದು ಒಂದೇ ಪ್ರಶ್ನೆ: ಬೇರೆ ಕೋಣೆ ಇಲ್ಲ, ಹಾಲ್‌ನಲ್ಲೇ ಆಫೀಸು ಆಗಬೇಕು, ಹೇಗೆ ಮಾಡುವುದು?

ನಾನು ಧಾರವಾಡದಲ್ಲಿ ಹಾಲ್‌ನಲ್ಲೇ ಕೂತು ಪುಸ್ತಕಗಳ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷವಾಯಿತು. ಎರಡು ಸಲ ಮೇಜು ಬದಲಿಸಿದ್ದೇನೆ, ಒಂದು ಸಲ ಗೋಡೆಯನ್ನೇ ರಿಪೇರಿ ಮಾಡಿಸಿದ್ದೇನೆ. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅಂತ ಇಲ್ಲಿ ಬರೆದಿದ್ದೇನೆ.

ಮೇಜಿಗಿಂತ ಮೊದಲು ತಾಸು ಎಣಿಸಿ

ಜಾಸ್ತಿ ಜನ ಮೊದಲು ಅಂಗಡಿಗೆ ಹೋಗಿ ಮೇಜು ನೋಡುತ್ತಾರೆ. ಹಾಗೆ ಮಾಡಬೇಡಿ. ಒಂದು ಹಾಳೆ ತೆಗೆದುಕೊಂಡು ದಿನಕ್ಕೆ ಎಷ್ಟು ತಾಸು ಕೆಲಸ, ಯಾವ ಹೊತ್ತಿಗೆ ಅಂತ ಬರೆಯಿರಿ. ಪಕ್ಕದಲ್ಲೇ, ಆ ಹೊತ್ತಿನಲ್ಲಿ ಹಾಲ್‌ನಲ್ಲಿ ಯಾರಿರುತ್ತಾರೆ, ಏನು ಮಾಡುತ್ತಾರೆ ಅಂತ ಬರೆಯಿರಿ. ಮಾವನವರು ಊಟ ಮಾಡಿ ದಿವಾನದ ಮೇಲೆ ಅಡ್ಡಾಗುತ್ತಾರಾ? ಸಂಜೆ ಅತ್ತೆ ಧಾರಾವಾಹಿ ನೋಡುತ್ತಾರಾ? ಮಕ್ಕಳು ಸಾಲಿಯಿಂದ ಎಷ್ಟು ಗಂಟೆಗೆ ಬರುತ್ತಾರೆ? ಈ ಎರಡು ಪಟ್ಟಿ ಎಲ್ಲಿ ತಾಕುತ್ತವೆಯೋ ಅಲ್ಲಿ ನಿಮ್ಮ ನಿಜವಾದ ತೊಂದರೆ ಇದೆ. ಪ್ಲೈವುಡ್ಡು, ಸನ್‌ಮೈಕಾದ ಬಣ್ಣ ಎಲ್ಲ ಆಮೇಲಿನ ಮಾತು.

ದಿನಕ್ಕೆ ಎರಡು ಮೂರು ತಾಸಿನ ಕೆಲಸಕ್ಕೆ ಬೇಕಾಗುವುದೇ ಬೇರೆ, ಎಂಟು ತಾಸಿಗೆ ಬೇಕಾಗುವುದೇ ಬೇರೆ. ಎಂಟು ತಾಸು ಅಂದರೆ ಖುರ್ಚಿ, ಎತ್ತರ, ಬೆಳಕು ಮೂರೂ ಸರಿ ಇರಲೇಬೇಕು. ಅದರಲ್ಲಿ ಮುಲಾಜು ನೋಡಿದರೆ ಆರು ತಿಂಗಳಲ್ಲಿ ಕುತ್ತಿಗೆ ಹಿಡಿಯುತ್ತದೆ.

ಎರಡನೆಯದು, ನಿಮ್ಮದು ಮಾತಿನ ಕೆಲಸವೋ ಸುಮ್ನೆ ಕೂತು ಮಾಡುವ ಕೆಲಸವೋ ಅನ್ನುವುದು. ನನ್ನದು ಸುಮ್ಮನಿರುವ ಕೆಲಸ, ಟಿವಿ ಸಣ್ಣಗೆ ಹಚ್ಚಿದ್ದರೂ ನಡೆಯುತ್ತದೆ. ಅಕ್ಕನ ಮಗಳದು ಅರ್ಧ ದಿನ ಮಾತು. ಮೂರನೆಯದು, ಕೆಲಸಕ್ಕಾಗಿ ಜನ ನಿಮ್ಮ ಮನೆಗೆ ಬರುತ್ತಾರಾ ಅಂತ ನೋಡಿ. ಬರುವುದಾದರೆ ಅವರು ಅಡುಗೆಮನೆಯ ಬಾಗಿಲು ನೋಡುತ್ತಾ ಕೂಡುವ ಹಾಗಾಗಬಾರದು. ಮನೆಯ ಹೆಣ್ಣುಮಕ್ಕಳಿಗೆ ಅದು ದೊಡ್ಡ ಕಿರಿಕಿರಿ, ಆದರೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಾಲ್ಕನೆಯದನ್ನು ಪೀಠೋಪಕರಣ ಮಾರುವವರು ಯಾರೂ ಹೇಳಿಕೊಡುವುದಿಲ್ಲ: ಹಬ್ಬ. ಗಣಪತಿ ಎಲ್ಲಿ ಕೂಡುತ್ತಾನೆ? ನಮ್ಮ ಕಡೆ ಹಾಲ್‌ನ ಒಳ್ಳೆಯ ಮೂಲೆ ಅಂದರೆ ಅದು ಗಣಪತಿಯ ಮೂಲೆ. ಪಂಚಮಿಗೆ ಜೋಕಾಲಿ ಕಟ್ಟುವ ಕೊಂಡಿ ಹಾಲ್‌ನ ತೊಲೆಯಲ್ಲೇ ಇರುತ್ತದೆ. ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರೆ ನಲವತ್ತು ಜನ ನೆಲದ ಮೇಲೆ ಕೂಡಬೇಕು. ವರ್ಷದಲ್ಲಿ ಹತ್ತು ಹದಿನೈದು ದಿನ ಹಾಲ್ ಪೂರ್ತಿ ಖಾಲಿ ಬೇಕು ಅನ್ನುವ ಮನೆಗೆ, ಗೋಡೆಗೆ ಬಡಿದು ಕೂಡಿಸಿದ ಮೇಜು ಹೊಂದುವುದಿಲ್ಲ.

ಇನ್ನು ಮನೆ ಸ್ವಂತದ್ದೋ ಬಾಡಿಗೆಯದೋ, ಕೈಯಲ್ಲಿ ಎಷ್ಟು ದುಡ್ಡಿದೆ, ಇವೆರಡನ್ನೂ ಕೊನೆಗೆ ಇಟ್ಟುಕೊಳ್ಳಿ. ದುಡ್ಡು ಕಮ್ಮಿ ಇದ್ದರೂ ಒಳ್ಳೆಯ ದಾರಿ ಇದೆ.

ಮೂಲೆಯಲ್ಲಿ ಖಾಯಂ ಮೇಜು

ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನಾಲ್ಕು ಫೂಟು ಉದ್ದ, ಎರಡು ಫೂಟು ಅಗಲ ಇದ್ದರೆ ಸಾಕು. ಎರಡು ಫೂಟಿಗಿಂತ ಕಮ್ಮಿ ಅಗಲ ಬೇಡ. ಪರದೆ ಒಂದು ಕೈಯಳತೆ ದೂರ ಇರಬೇಕು, ಕೀಬೋರ್ಡಿನ ಮುಂದೆ ಮಣಿಕಟ್ಟು ಊರಲು ಜಾಗ ಬೇಕು. ಎಂಟು ಫೂಟು ಉದ್ದ, ನಾಲ್ಕು ಫೂಟು ಅಗಲದ ಒಂದೇ ಪ್ಲೈವುಡ್ ಶೀಟಿನಲ್ಲಿ ಮೇಲಿನ ಹಲಗೆ, ಎರಡು ಪಕ್ಕ, ಹಿಂದಿನ ಪಟ್ಟಿ ಎಲ್ಲ ಬರುತ್ತವೆ, ಇನ್ನೂ ಒಂದು ಸಣ್ಣ ಗೂಡಿಗೆ ಆಗುವಷ್ಟು ಉಳಿಯುತ್ತದೆ. ಮೇಲಿನ ಹಲಗೆಗೆ 18 ಎಂಎಂ ದಪ್ಪದ್ದನ್ನೇ ಕೇಳಿ.

ಎತ್ತರದ ಬಗ್ಗೆ ಎಚ್ಚರ ಇರಲಿ. ನಾವು ಹೇಳದೆ ಹೋದರೆ ಬಡಿಗೇರರು 30 ಇಂಚು ಮಾಡಿಬಿಡುತ್ತಾರೆ, ಅದು ರೂಢಿಯ ಅಳತೆ. ಐದು ಫೂಟು ಎರಡು ಇಂಚಿನ ಹೆಣ್ಣುಮಗಳಿಗೆ ಅದು ಜಾಸ್ತಿ, ಭುಜ ಮೇಲೆತ್ತಿಕೊಂಡೇ ಟೈಪ್ ಮಾಡಬೇಕಾಗುತ್ತದೆ. ಖುರ್ಚಿಯಲ್ಲಿ ಕೂತು, ಭುಜ ಸಡಿಲ ಬಿಟ್ಟು, ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗಿನ ಅಳತೆಯೇ ನಿಮ್ಮ ಮೇಜಿನ ಎತ್ತರ. ಮೇಜು ಈಗಾಗಲೇ ಎತ್ತರ ಇದ್ದರೆ ಖುರ್ಚಿ ಏರಿಸಿ ಕಾಲಿನ ಕೆಳಗೆ ಊಟದ ಮಣೆ ಇಟ್ಟುಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ. ಅವ್ವನ ಕಾಲದ ಹಲಸಿನ ಮಣೆ, ಎರಡು ಇಂಚು ಎತ್ತರ, ಹೇಳಿ ಮಾಡಿಸಿದ ಹಾಗಿದೆ.

ಯಾವ ಕಡೆ ಮುಖ ಮಾಡಿ ಕೂಡಬೇಕು? ಹಿರಿಯರು ಪೂರ್ವ ಅಥವಾ ಉತ್ತರ ಅನ್ನುತ್ತಾರೆ. ನಾನು ಮೊದಲು ಕಿಟಕಿ ನೋಡುತ್ತೇನೆ. ಕಿಟಕಿ ಪಕ್ಕಕ್ಕೆ ಬರಬೇಕು. ಬೆನ್ನಿಗೆ ಬಂದರೆ ಪರದೆಯ ಮೇಲೆ ಬೆಳಕು ಹೊಡೆಯುತ್ತದೆ, ಮುಂದೆ ಬಂದರೆ ಕಣ್ಣು ಉರಿಯುತ್ತದೆ. ಪಡುವಣ ಕಿಟಕಿಯಾದರೆ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂಡಲಾಗುವುದಿಲ್ಲ. ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು.

ಕಾಲ್ ಇರುವವರಿಗೆ ಇನ್ನೊಂದು ಮಾತು. ಗೋಡೆಗೆ ಮುಖ ಮಾಡಿ ಕೂತರೆ ಮನಸ್ಸು ಕೆಲಸದಲ್ಲಿ ನಿಲ್ಲುತ್ತದೆ, ನಿಜ. ಆದರೆ ಕ್ಯಾಮೆರಾಕ್ಕೆ ಇಡೀ ಹಾಲ್ ಕಾಣುತ್ತದೆ, ಮಾವನವರು ಬನಿಯನ್ ಮೇಲೆ ಪೇಪರ್ ಓದುವುದೂ ಕಾಣುತ್ತದೆ. ಅದು ಅವರಿಗೂ ಮುಜುಗರ. ಬೆನ್ನು ಗೋಡೆಗೆ ಕೊಟ್ಟು ಕೂತರೆ ಕ್ಯಾಮೆರಾಕ್ಕೆ ಗೋಡೆ ಮಾತ್ರ. ಮಾತಿನ ಕೆಲಸಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಖರ್ಚು? ಈಚೆಗೆ ನಮ್ಮ ಓಣಿಯಲ್ಲಿ ಮಾಡಿಸಿದ್ದು ಸಾಮಾನು, ಕೂಲಿ ಸೇರಿ ಹನ್ನೆರಡು ಸಾವಿರದ ಆಸುಪಾಸು. ಖುರ್ಚಿ ಬೇರೆ. ಒಟ್ಟು ಹದಿನೈದು ಸಾವಿರ ಮಾತ್ರ ಇದೆ ಅಂದರೆ ಮೇಜನ್ನು ಸಾದಾ ಮಾಡಿ, ಖುರ್ಚಿಗೆ ಜಾಸ್ತಿ ಹಾಕಿ. ಮೈ ತಾಗುವುದು ಖುರ್ಚಿಗೆ ಅಲ್ವಾ? ಕೂತು ನೋಡದೆ ಖುರ್ಚಿ ಕೊಳ್ಳಬೇಡಿ, ಕಾಲು ಗಂಟೆ ಕೂತೇ ನೋಡಿ.

ನನ್ನ ಮೊದಲ ಮೇಜು ಖಾಯಂ ಮೇಜೇ. ಪಡುವಣ ಗೋಡೆಗೆ ಹತ್ತಿಸಿ ಮಾಡಿಸಿದ್ದೆ. ಧಾರವಾಡದ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಗೋಡೆ ತಿಂಗಳುಗಟ್ಟಲೆ ಆರುವುದಿಲ್ಲ. ಎರಡನೇ ಮಳೆಗಾಲಕ್ಕೆ ಹಿಂದಿನ ಹಲಗೆ ಉಬ್ಬಿತು, ಮೂರನೆಯದಕ್ಕೆ ಗೆದ್ದಲು ಬಂತು. ಹೊರಗೋಡೆಗೆ ಮೇಜು ಇಡುವುದಾದರೆ ನಾಲ್ಕು ಬೆರಳು ಸಂದು ಬಿಡಿ, ನೀರು ತಡೆಯುವ ದರ್ಜೆಯ ಪ್ಲೈವುಡ್ಡನ್ನೇ ಹಾಕಿಸಿ.

ಗೋಡೆಗೆ ಮಡಚುವ ಮೇಜು

ಸಣ್ಣ ಹಾಲ್‌ಗೆ ಇದು ಚೆಂದ. ಬಿಚ್ಚಿದರೆ ಮೇಜು, ಮಡಚಿದರೆ ಗೋಡೆಗೆ ಅಂಟಿದ ಹಲಗೆ. ಕಾರ್ಡು ಕೊಡಲು ಬಂದವರಿಗೆ ಆಫೀಸಿನ ಗುರುತೂ ಸಿಗುವುದಿಲ್ಲ. ಸಿದ್ಧ ಮೇಜು ಎರಡು ಮೂರು ಸಾವಿರದಿಂದ ಸಿಗುತ್ತದೆ.

ಆದರೆ ಎಲ್ಲ ಭಾರವನ್ನೂ ಗೋಡೆ ಹೊರಬೇಕು. ನಾನು ಪೇಟೆಯ ಒಂದು ಅಂಗಡಿಯಿಂದ ತಂದೆ, ಅವರ ಹುಡುಗನೇ ಬಂದು ಕೂಡಿಸಿದ. ನಮ್ಮದು ಮಣ್ಣಿನ ಗೋಡೆ, ಮೇಲೆ ಒಂದು ಇಂಚು ಗಿಲಾವು, ಅಂದರೆ ಪ್ಲಾಸ್ಟರು. ಅವನು ಗಿಲಾವಿಗಷ್ಟೇ ತಾಗುವ ಸ್ಕ್ರೂ ಹಾಕಿ ಹೋದ. ಹನ್ನೆರಡನೇ ದಿನ ಮೊಣಕೈ ಊರಿದಾಗ ಮೇಲಿನ ಬಿಜಾಗರಿ ಗಿಲಾವಿನ ಸಮೇತ ಕಿತ್ತು ಬಂತು. ಅಂಗೈ ಅಗಲದ ಗುಂಡಿ, ಅದರೊಳಗಿಂದ ಒಣ ಮಣ್ಣು ಸುರಿಯುತ್ತಲೇ ಇತ್ತು. ಲ್ಯಾಪ್‌ಟಾಪ್ ಮಡಿಲಲ್ಲಿ ಬಿದ್ದಿದ್ದರಿಂದ ಉಳಿಯಿತು. ಗೋಡೆ ಸರಿ ಮಾಡಿಸಲು ಕೊಟ್ಟ ದುಡ್ಡು ಮೇಜಿನ ಬೆಲೆಗಿಂತ ಜಾಸ್ತಿ ಆಯಿತು.

ಹಾಗಾಗಿ ಮೊದಲು ಗೋಡೆ ತಟ್ಟಿ ನೋಡಿ. ಇಟ್ಟಿಗೆ, ಕಾಂಕ್ರೀಟ್ ಆದರೆ ಹಿಗ್ಗಿ ಹಿಡಿಯುವ ಆಂಕರ್ ಬೋಲ್ಟ್ ಹಾಕಿಸಿ. ಮಣ್ಣಿನ ಗೋಡೆ, ಹಳೇ ಸುಣ್ಣದ ಗಿಲಾವು ಆದರೆ ಇದನ್ನು ಬಿಟ್ಟುಬಿಡಿ. ಇಲ್ಲವೇ ಮಡಚುವ ಕಾಲು ಇರುವುದನ್ನೇ ತೆಗೆದುಕೊಳ್ಳಿ, ಆಗ ಅರ್ಧ ಭಾರ ನೆಲಕ್ಕೆ ಹೋಗುತ್ತದೆ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವ ಮೊದಲು ಮಾಲೀಕರನ್ನು ಕೇಳಿ.

ದಿನಾ ಎಂಟು ತಾಸು ಕೆಲಸ ಇರುವವರಿಗೆ, ದೊಡ್ಡ ಮಾನಿಟರ್ ಇಟ್ಟುಕೊಂಡವರಿಗೆ ಇದು ಬೇಡ. ಮಡಚಲು ಬೇಸರವಾಗಿ ವಾರದಲ್ಲಿ ಅದು ಖಾಯಂ ಮೇಜೇ ಆಗುತ್ತದೆ, ಗಟ್ಟಿತನ ಮಾತ್ರ ಇರುವುದಿಲ್ಲ.

ಷೋಕೇಸಿನೊಳಗೆ ಆಫೀಸು

ಇಪ್ಪತ್ತು ಮೂವತ್ತು ವರ್ಷದ ಹಿಂದೆ ಕಟ್ಟಿದ ಮನೆಗಳಲ್ಲಿ ಹಾಲ್‌ನ ಒಂದು ಗೋಡೆಯ ತುಂಬ ಷೋಕೇಸ್ ಇರುತ್ತದೆ. ಡಬ್ಬಿ ಟಿವಿ ಇಟ್ಟಿದ್ದ ದೊಡ್ಡ ಗೂಡು ಈಗ ಖಾಲಿ. ಅದನ್ನು ಬಳಸಿಕೊಳ್ಳುವುದು ನನಗೆ ತುಂಬಾ ಇಷ್ಟವಾದ ದಾರಿ, ಯಾಕೆಂದರೆ ಇದ್ದುದನ್ನೇ ಕೆಲಸಕ್ಕೆ ಹಚ್ಚುತ್ತೇವೆ. ಗೂಡಿನ ಆಳ ಸಾಮಾನ್ಯವಾಗಿ ಒಂದೂವರೆ ಫೂಟು, ಕೆಲಸಕ್ಕೆ ಸಾಲದು. ಡ್ರಾವರಿಗೆ ಹಾಕುವ ಚಾನೆಲ್ ಮೇಲೆ ಒಂದು ಹಲಗೆ ಕೂಡಿಸಿದರೆ ಮುಂದಕ್ಕೆ ಎಳೆದುಕೊಳ್ಳಬಹುದು. ಕೆಳಗಿನ ಬಾಗಿಲು ತೆಗೆಸಿ, ಮೊಣಕಾಲಿಗೆ ಜಾಗ ಬೇಕು. ಹಿಂದೆ ವೈರಿಗೆ ಒಂದು ತೂತು, ಒಳಗೆ ಒಂದು ಎಲ್‌ಇಡಿ ಪಟ್ಟಿ. ಸಂಜೆ ಬಾಗಿಲು ಮುಚ್ಚಿದರೆ ಆಫೀಸು ಮುಗಿಯಿತು. ಲ್ಯಾಪ್‌ಟಾಪ್ ಆಫ್ ಮಾಡಿಯೇ ಮುಚ್ಚಿ, ಒಳಗೆ ಗಾಳಿಯಾಡುವುದಿಲ್ಲ, ಬಿಸಿಯಾಗುತ್ತದೆ.

ಕಾಗದಪತ್ರ ಜಾಸ್ತಿ ಇರುವವರಿಗೆ, ಪುಟ್ಟ ಮಕ್ಕಳಿರುವ ಮನೆಗೆ, ನಾಲ್ಕೈದು ತಾಸಿನ ಕೆಲಸಕ್ಕೆ ಇದು ಒಳ್ಳೆಯದು. ಗದಗಿನಂಥ ಗಾಳಿ, ಧೂಳಿನ ಊರಿಗೂ ಹೊಂದುತ್ತದೆ. ಹೊಸದಾಗಿ ಕಪಾಟನ್ನೇ ಮಾಡಿಸಲು ಹೊರಟರೆ ಮಾತ್ರ ಖಾಯಂ ಮೇಜಿನ ಎರಡು ಪಟ್ಟು ಖರ್ಚು ಬರುತ್ತದೆ.

ಗಾದಿ ಮತ್ತು ಡೆಸ್ಕು

ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನೋಡಿದ್ದೀರಾ? ಬಿಳಿ ಗಾದಿ, ಬೆನ್ನಿಗೆ ಲೋಡು, ಮುಂದೆ ಮೊಣಕಾಲೆತ್ತರದ ಇಳಿಜಾರು ಡೆಸ್ಕು. ಡೆಸ್ಕಿನ ಮುಚ್ಚಳ ಎತ್ತಿದರೆ ಒಳಗೆ ಖಾತೆ ಪುಸ್ತಕ, ಪೆನ್ನು, ಚಿಲ್ಲರೆ. ಇಡೀ ಆಫೀಸು ಎರಡು ಫೂಟಿನೊಳಗೆ. ರೈತರು ಬಂದರೆ ಅದೇ ಗಾದಿಯ ಮೇಲೆ ಕೂಡುತ್ತಾರೆ. ಆಫೀಸು ಮತ್ತು ಪಡಸಾಲೆ ಒಂದೇ ಜಾಗದಲ್ಲಿ ಹೇಗಿರಬೇಕು ಅನ್ನುವುದು ನಮ್ಮ ವ್ಯಾಪಾರಸ್ಥರಿಗೆ ಮೊದಲೇ ಗೊತ್ತಿತ್ತು.

ತಮ್ಮನಿಗೆ ನಾನು ಹೇಳಿದ್ದು ಇದನ್ನೇ. ಅವನದು ಬಾಡಿಗೆ ಮನೆ, ಸಂಜೆ ಎರಡು ತಾಸಿನ ಆನ್‌ಲೈನ್ ಪಾಠ, ಕೈಯಲ್ಲಿ ಮೂರು ಸಾವಿರ. ಹನ್ನೆರಡು ಇಂಚು ಎತ್ತರದ ಸಣ್ಣ ಡೆಸ್ಕು, ಗಾದಿ ಹಳೆಯದೇ. ಕೆಳಗೆ ನವಲಗುಂದದ ಜಮಖಾನೆ ಹಾಸಿದ್ದಾನೆ, ಬೋಳು ಟೈಲ್ಸ್ ನೆಲದಲ್ಲಿ ಮಾತು ಗುಂಯ್‌ಗುಡುತ್ತಿದ್ದುದು ಕಮ್ಮಿಯಾಯಿತು. ದಪ್ಪ ಹತ್ತಿಯ ಹಾಸು, ದಪ್ಪ ಪರದೆ, ತುಂಬಿದ ಪುಸ್ತಕದ ಗೂಡು, ಮೂರೂ ಸದ್ದನ್ನು ಹೀರುತ್ತವೆ. ಮನೆ ಬಿಡುವಾಗ ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಹೋಗಬಹುದು.

ಮೊಣಕಾಲು ನೋವು ಇರುವವರಿಗೆ ಇದು ಆಗದು. ಲ್ಯಾಪ್‌ಟಾಪಿಗೆ ಬಗ್ಗಿ ನೋಡುತ್ತಾ ಕೂತರೆ ಕುತ್ತಿಗೆಯೂ ಹೋಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಲ್ಯಾಪ್‌ಟಾಪ್ ಎತ್ತರಿಸಿ, ಕೀಬೋರ್ಡು ಬೇರೆ ಇಟ್ಟುಕೊಳ್ಳಿ. ಆದರೂ ಮೂರು ತಾಸಿನ ಮೇಲೆ ಬೇಡ.

ಪಾರ್ಟಿಷನ್ ಹಾಕಿಸುವುದು

ಕೇಳಲು ಇದು ಪೂರ್ತಿ ಪರಿಹಾರದ ಹಾಗಿದೆ. ಆದರೆ ಲೆಕ್ಕ ಹಾಕಿ. ಹನ್ನೆರಡು ಹದಿನಾರರ ಹಾಲ್‌ನಲ್ಲಿ ಐದು ಫೂಟು ಕತ್ತರಿಸಿದರೆ ಮನೆಯವರಿಗೆ ಉಳಿಯುವುದು ಹನ್ನೆರಡು ಹನ್ನೊಂದು. ಕಿಟಕಿ ಒಂದು ಕಡೆಗೆ, ಫ್ಯಾನು ಇನ್ನೊಂದು ಕಡೆಗೆ ಹೋಗುತ್ತದೆ. ಇನ್ನೊಂದು ಫ್ಯಾನು, ಲೈಟು, ಸ್ವಿಚ್ಚು ಎಲ್ಲ ಹೊಸದಾಗಿ ಬೇಕು. ಇಷ್ಟಾದರೂ, ಮೇಲೆ ಒಂದು ಫೂಟು ಸಂದು ಬಿಟ್ಟರೆ ಮಾತೆಲ್ಲ ಆ ಸಂದಿನಿಂದಲೇ ದಾಟುತ್ತದೆ. ಮೇಲಿನವರೆಗೆ ಮುಚ್ಚದ ಪಾರ್ಟಿಷನ್ ಕಣ್ಣಿಗೆ ಮರೆ ಮಾಡುತ್ತದೆ, ಕಿವಿಗೆ ಮಾಡುವುದಿಲ್ಲ.

ಕಣ್ಣಿನ ಮರೆ ಸಾಕಾದರೆ ಎರಡೂ ಕಡೆಯಿಂದ ಬಳಸುವ ಐದು ಫೂಟಿನ ಪುಸ್ತಕದ ಗೂಡು ಇಡಿ, ಅಥವಾ ಸರಿಯುವ ದಪ್ಪ ಪರದೆ ಹಾಕಿ. ಹಬ್ಬಕ್ಕೆ ಸರಿಸಬಹುದು, ಖರ್ಚೂ ಕಮ್ಮಿ.

ಪೂರ್ತಿ ಪಾರ್ಟಿಷನ್ ಯಾರಿಗೆ ಬೇಕು ಅಂದರೆ, ಮಾಳಮಡ್ಡಿಯ ಕಾಕಾ ಅಂಥವರಿಗೆ. ಸ್ವಂತ ಮನೆ. ಜುಲೈ ಬಂದರೆ ತೆರಿಗೆ ಲೆಕ್ಕಕ್ಕೆ ದಿನಕ್ಕೆ ಹತ್ತು ಜನ. ಬಂದವರ ಸಂಬಳ, ಸಾಲ, ಆಸ್ತಿ ಎಲ್ಲವನ್ನೂ ಮಾತಾಡಬೇಕು, ಅದು ಮನೆಯವರ ಕಿವಿಗೂ ಬೀಳಬಾರದು. ಹಳೇ ಮನೆಯ ಉದ್ದ ಪಡಸಾಲೆಗೆ ಎರಡು ಕಡೆ ಬಾಗಿಲಿತ್ತು. ಕಟ್ಟೆಯ ಕಡೆಗೆ ಬರುವ ಭಾಗವನ್ನು ಮೇಲಿನವರೆಗೆ ಮುಚ್ಚಿ ಬಾಗಿಲು ಇಡಿಸಿದೆವು. ಈಗ ಬಂದವರು ಕಟ್ಟೆಯಿಂದಲೇ ಒಳಗೆ ಬಂದು ಅಲ್ಲಿಂದಲೇ ಹೋಗುತ್ತಾರೆ. ಕಾಕೂಗೆ ತನ್ನ ಪಡಸಾಲೆ ಹನ್ನೆರಡು ವರ್ಷದ ಮೇಲೆ ವಾಪಸು ಸಿಕ್ಕಿತು. ಅವಳ ಮುಖ ನೋಡಿದಾಗ ಖರ್ಚಾದ ನಲವತ್ತು ಸಾವಿರ ದೊಡ್ಡದು ಅನ್ನಿಸಲಿಲ್ಲ.

ಊಟದ ಟೇಬಲ್ ಮೇಲೆ ಕೆಲಸ ಮಾಡುವುದರ ಬಗ್ಗೆ ಕೇಳಿದರೆ, ವಾರಕ್ಕೆ ಎರಡು ದಿನಕ್ಕೆ ಆಗುತ್ತದೆ, ಅಷ್ಟೇ. ದಿನಕ್ಕೆ ಮೂರು ಸಲ ಎತ್ತಿಡುವುದು ಯಾರಿಗೂ ಬಾಳುವುದಿಲ್ಲ. ಹೊರಗೆ ಬಾಡಿಗೆ ಆಫೀಸಿನಲ್ಲಿ ಒಂದು ಖುರ್ಚಿ ಹಿಡಿಯುವುದೂ ಒಂದು ದಾರಿ. ತಿಂಗಳ ಬಾಡಿಗೆ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಖರ್ಚು, ಹೋಗಿಬರುವ ಹೊತ್ತು ಸೇರಿಸಿ ನೋಡಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಕೂಸು ಇದ್ದರೆ, ಆ ದುಡ್ಡು ದಂಡ ಅಲ್ಲ.

ಕರೆಂಟು ಮತ್ತು ವೈಫೈ

ಯಾವ ದಾರಿ ಹಿಡಿದರೂ ಇವೆರಡು ಬೇಕು. ಲ್ಯಾಪ್‌ಟಾಪಿಗೆ ಸುಮಾರು 60 ವ್ಯಾಟ್, ಮಾನಿಟರಿಗೆ 25, ರೌಟರಿಗೆ 10, ಒಂದು ಎಲ್‌ಇಡಿಗೆ 10, ಹಳೇ ಫ್ಯಾನಿಗೆ 75. ಒಟ್ಟು 180. ಮನೆಯಲ್ಲಿ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿಯ ಇನ್ವರ್ಟರ್ ಇದ್ದರೆ, ಸೋರಿಕೆ ಕಳೆದು, ಇಷ್ಟು ಭಾರಕ್ಕೆ ಸುಮಾರು ಆರು ತಾಸು ಬರುತ್ತದೆ. ಫ್ಯಾನು ಬಿಎಲ್‌ಡಿಸಿ, ಅಂದರೆ ಕಮ್ಮಿ ಕರೆಂಟಿನ ಮೋಟರಿನದು ಆದರೆ 30 ವ್ಯಾಟಿನಲ್ಲೇ ತಿರುಗುತ್ತದೆ, ಎಂಟು ತಾಸು ದಾಟುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ರೌಟರಿಗಷ್ಟೇ ಒಂದು ಸಣ್ಣ ಯುಪಿಎಸ್ ತನ್ನಿ. ಲ್ಯಾಪ್‌ಟಾಪಿಗೆ ತನ್ನ ಬ್ಯಾಟರಿ ಇದ್ದೇ ಇರುತ್ತದೆ. ಹಳೇ ಮನೆಯಾದರೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ವೈರ್ ನಡೆದಾಡುವ ದಾರಿಗೆ ಅಡ್ಡ ಬರಬಾರದು, ಅಜ್ಜಿ ಎಡವಿ ಬಿದ್ದರೆ ಯಾವ ಆಫೀಸೂ ಬೇಡ ಅನ್ನಿಸುತ್ತದೆ.

ದಪ್ಪ ಗೋಡೆಯ ಮನೆಯಲ್ಲಿ ವೈಫೈಯ 5 ಗಿಗಾಹರ್ಟ್ಸ್ ಸಿಗ್ನಲ್ ಗೋಡೆ ದಾಟಲು ಒದ್ದಾಡುತ್ತದೆ. 2.4 ಸ್ವಲ್ಪ ನಿಧಾನ, ಆದರೆ ದೂರ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಇನ್ನೊಂದು ಕೋಣೆಗೆ ಒಂದು ಕೇಬಲ್ ಎಳೆದು ಅಲ್ಲಿ ಎರಡನೇ ರೌಟರ್ ಇಡುವುದು.

ಅಕ್ಕನ ಮಗಳಿಗೆ ನಾನು ಮೊದಲು ಮಾಡಿಸಿದ್ದು ಅದನ್ನೇ, ಮೇಜನ್ನಲ್ಲ. ಮಲಗುವ ಕೋಣೆಗೆ ಕೇಬಲ್ ಹೋಯಿತು. ಈಗ ಸುಮ್ಮನಿರುವ ಕೆಲಸ ಹಾಲ್‌ನಲ್ಲಿ, ಮಾತು ಕೋಣೆಯಲ್ಲಿ. "ಮೊದಲ ಯಾಕ ಹೇಳಲಿಲ್ಲ ಮಾಮಾ?" ಅಂದಳು. ಹಾಲ್‌ಗೆ ನಾಲ್ಕು ಫೂಟಿನ ಮೇಜು, ಎತ್ತರ 27 ಇಂಚು. ಗೋಡೆಗೆ ಬಡಿಯದೆ ಬೇರೆಯಾಗಿ ನಿಲ್ಲುವಂಥದು, ಗಣಪತಿ ಬಂದಾಗ ಇಬ್ಬರು ಹಿಡಿದು ಎತ್ತಿಡಬಹುದು.

ಬಡಿಗೇರರನ್ನು ಕರೆಯುವ ಮೊದಲು ನೀವೂ ಒಂದು ಕೆಲಸ ಮಾಡಿ. ಸೀಮೆಸುಣ್ಣದಿಂದ ಹಾಲ್‌ನ ನೆಲದ ಮೇಲೆ ಮೇಜಿನ ಅಳತೆಗೆ ಗೆರೆ ಎಳೆಯಿರಿ. ಖುರ್ಚಿ ಹಿಂದೆ ಸರಿಯಲು ಇನ್ನೂ ಎರಡೂವರೆ ಫೂಟು ಸೇರಿಸಿ. ಒಂದು ವಾರ ಆ ಗೆರೆ ಹಾಗೇ ಇರಲಿ, ಕಸ ಗುಡಿಸುವಾಗ ಅಳಿಸಬೇಡಿ ಅಂತ ಮನೆಯಲ್ಲಿ ಹೇಳಿ. ಅಕ್ಕನ ಮನೆಯಲ್ಲಿ ಮೂರನೇ ದಿನಕ್ಕೇ ಬಲಗಡೆಯ ಮೂಲೆ ಕಾಲ್ತುಳಿತಕ್ಕೆ ಅಳಿಸಿಹೋಗಿತ್ತು. ಅಕ್ಕ ಚಹಾದ ತಾಟು ಹಿಡಿದು ಅಡುಗೆಮನೆಯಿಂದ ದಿವಾನದ ಕಡೆ ಬರುವ ದಾರಿ ಅದು. ಮೇಜಿನ ಜಾಗವನ್ನು ಒಂದೂವರೆ ಫೂಟು ಎಡಕ್ಕೆ ಸರಿಸಿ ಇನ್ನೊಂದು ಗೆರೆ ಎಳೆದೆವು. ಅದು ಅಳಿಸಲಿಲ್ಲ.